ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಪೆಟ್ರೋಲ್ ರೀಲ್ ಮೋವರ್: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ

ಇಂಗ್ಲೆಂಡಿನಲ್ಲಿ ಹಳೇ ಮನೆ ಕೊಂಡರೆ ಹಿತ್ತಲಿನ ಶೆಡ್ಡಿನಲ್ಲಿ ಏನಾದರೂ ಒಂದು ಉಳಿದೇ ಇರುತ್ತದೆ. ಒಣಗಿದ ಬಣ್ಣದ ಡಬ್ಬಿ, ಕಾಲು ಮುರಿದ ಕುರ್ಚಿ, ಅವುಗಳ ಹಿಂದೆ ಒಂದು ಪೆಟ್ರೋಲ್ ರೀಲ್ ಮೋವರ್, ಅಂದರೆ ಪೆಟ್ರೋಲಿನಲ್ಲಿ ಓಡುವ ಹುಲ್ಲು ಕತ್ತರಿಸುವ ಮಷೀನು. ಅಟ್ಕೋ ಅಥವಾ ಸಫೋಕ್ ಪಂಚ್ ಎಂಬ ಬ್ರಿಟಿಷ್ ಬ್ರಾಂಡ್ ಆಗಿರುವ ಸಾಧ್ಯತೆ ಜಾಸ್ತಿ. ಮುಂದೆ ಹುಲ್ಲು ತುಂಬುವ ಬುಟ್ಟಿ, ಹಿಂದೆ ಭಾರದ ರೋಲರ್, ನಡುವೆ ಸುರುಳಿ ಬ್ಲೇಡುಗಳ ರೀಲು. ಲಾನಿನ ಮೇಲೆ ಪಟ್ಟೆ ಪಟ್ಟೆಯಾಗಿ ಗೆರೆ ಮೂಡಿಸುವುದು ಆ ರೋಲರ್ರೇ. ಬರ್ಮಿಂಗ್‌ಹ್ಯಾಮಿನ ಚಾರ್ಲ್ಸ್ ಎಚ್. ಪ್ಯೂ ಕಂಪನಿ ಮೊದಲ ಅಟ್ಕೋ ಹೊರತಂದದ್ದು 1921ರಲ್ಲಿ. ಆಮೇಲೆ ಬಂದ ಎಷ್ಟೋ ಮಷೀನುಗಳು ಇವತ್ತಿಗೂ ಓಡುತ್ತವೆ, ಯಾಕೆಂದರೆ ಅವುಗಳಲ್ಲಿ ಕೆಡುವಂಥದ್ದು ಕಡಿಮೆ, ಅಂಟಿಕೊಳ್ಳುವಂಥದ್ದು ಜಾಸ್ತಿ.

ಇಂಥದ್ದು ಸಿಕ್ಕಿದ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ: ಪೆಟ್ರೋಲ್ ಸುರಿದು ಹಗ್ಗ ಎಳೆಯುವುದು. ದಯವಿಟ್ಟು ಅದೊಂದು ಬೇಡ. ಒಳಗೆ ಏನು ಅಂಟಿದೆ, ಏನು ಸಡಿಲಾಗಿದೆ ಅಂತ ಗೊತ್ತಿಲ್ಲದೆ ಎಳೆದರೆ ಸುಮ್ನೆ ಇದ್ದ ದೋಷವನ್ನು ದೊಡ್ಡದು ಮಾಡಿದ ಹಾಗೆ. ಇನ್ನೊಂದು ಮಾತು. ಎಲ್ಲರ ಕಣ್ಣು ಎಂಜಿನ್ ಮೇಲೆ ಹೋಗುತ್ತದೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ರೀಲು. ಎಂಜಿನ್ ಕೆಟ್ಟಿದ್ದರೆ ರಿಪೇರಿ ಮಾಡಬಹುದು. ರೀಲು ಸವೆದು ಮುಗಿದಿದ್ದರೆ ಎಂಜಿನ್ ಎಷ್ಟು ಚೆನ್ನಾಗಿ ಓಡಿದರೂ ಅದು ಸದ್ದು ಮಾಡುವ ರೋಲರ್ ಅಷ್ಟೇ.

ಕೈ ಹಾಕುವ ಮುಂಚೆ

ಪ್ಲಗ್ಗಿನ ವೈರು ಕಿತ್ತು, ಪ್ಲಗ್ಗಿಗೆ ತಾಗದ ಹಾಗೆ ದೂರ ಕಟ್ಟಿಡಿ. ರೀಲಿನ ಹತ್ತಿರ ಕೈ ಹೋಗುವ ಪ್ರತಿ ಸಲವೂ ಇದು ಆಗಬೇಕು. ಚೈನಿನಿಂದ ಎಂಜಿನ್ನೂ ರೀಲೂ ಕೂಡಿಕೊಂಡಿರುತ್ತವೆ. ಒಂದನ್ನು ತಿರುಗಿಸಿದರೆ ಇನ್ನೊಂದು ತಿರುಗಬಹುದು, ಬೆರಳು ಹೋಗುವುದಕ್ಕೆ ಎಂಜಿನ್ ಸ್ಟಾರ್ಟ್ ಆಗಿರಬೇಕು ಅಂತೇನಿಲ್ಲ. ದಪ್ಪ ಚರ್ಮದ ಗ್ಲೌಸು ಹಾಕಿಕೊಳ್ಳಿ.

ಎಂಜಿನ್ನಿನ ತಗಡಿನ ಹೊದಿಕೆ ಬಿಚ್ಚಿದರೆ ಒಳಗೆ ಇಲಿಗೂಡು ಸಿಗುವುದು ಮಾಮೂಲು. ಅದನ್ನು ಒಣಗಿದ ಹಾಗೇ ಊದಬೇಡಿ, ಗುಡಿಸಬೇಡಿ. ಸೋಂಕುನಿವಾರಕ ಚಿಮುಕಿಸಿ ಒದ್ದೆ ಮಾಡಿ, ರಬ್ಬರ್ ಗ್ಲೌಸು ಹಾಕಿಕೊಂಡು ತೆಗೆಯಿರಿ. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ, ಕೈಯಲ್ಲಿ ಗಾಯವಿದ್ದರೆ ಇನ್ನೂ ಸುಲಭ. ಗೂಡನ್ನು ಪೂರ್ತಿ ತೆಗೆಯಲೇಬೇಕು, ಏಕೆಂದರೆ ಗಾಳಿ ಹೋಗುವ ದಾರಿ ಮುಚ್ಚಿದ್ದರೆ ಎಂಜಿನ್ ಸ್ವಲ್ಪ ಹೊತ್ತಿನಲ್ಲೇ ಕಾದು ಹಿಡಿದುಕೊಳ್ಳುತ್ತದೆ. ಕ್ಲಚ್ ಲೈನಿಂಗ್ ಮತ್ತು ಹಳೇ ಗ್ಯಾಸ್ಕೆಟ್ ವಿಷಯದಲ್ಲೂ ಇದೇ ಎಚ್ಚರ. ಬ್ರಿಟನ್ನಿನಲ್ಲಿ ಆಸ್ಬೆಸ್ಟಾಸ್ ಪೂರ್ತಿ ನಿಷೇಧವಾದದ್ದು 1999ರಲ್ಲಿ. ಅದಕ್ಕಿಂತ ಹಳೇ ಲೈನಿಂಗಿನ ಧೂಳಿನಲ್ಲಿ ಅದು ಇರಬಹುದು ಅಂತಲೇ ಇಟ್ಟುಕೊಂಡು, ಉಪ್ಪುಕಾಗದ ಹಾಕಿ ಉಜ್ಜದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನು ಬಯಲಿನಲ್ಲಿ, ಬೆಂಕಿಯಿಂದ ದೂರ, ಕ್ಯಾನಿಗೆ ಇಳಿಸಿ. ಚರಂಡಿಗೆ ಸುರಿಯಬೇಡಿ, ಹೊಸ ಪೆಟ್ರೋಲಿನ ಜೊತೆ ಬೆರೆಸಲೂ ಬೇಡಿ. ಕೌನ್ಸಿಲ್ಲಿನ ತ್ಯಾಜ್ಯ ಕೇಂದ್ರಕ್ಕೆ ಫೋನ್ ಮಾಡಿ ಕೇಳಿದರೆ ಎಲ್ಲಿಗೆ ತರಬೇಕು ಅಂತ ಹೇಳುತ್ತಾರೆ.

ರೀಲು ನೋಡಿ: ಇದಕ್ಕೆ ದುಡ್ಡು ಹಾಕಬಹುದಾ?

ರೀಲ್ ಮೋವರ್ ಕೆಲಸ ಮಾಡುವುದು ಕತ್ತರಿಯ ತತ್ವದಲ್ಲಿ. ಗ್ಲಾಸ್ಟರ್‌ಶೈರಿನ ಎಡ್ವಿನ್ ಬಡಿಂಗ್ 1830ರಲ್ಲಿ ಪೇಟೆಂಟ್ ಪಡೆದಾಗಿನಿಂದ ಇದು ಬದಲಾಗಿಲ್ಲ. ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲಿನ ನವಿರು ಕತ್ತರಿಸುವ ಯಂತ್ರ ನೋಡಿ ಅವನಿಗೆ ಹೊಳೆದದ್ದು. ತಿರುಗುವ ರೀಲಿನ ಬ್ಲೇಡು ಒಂದು ಅಲಗು, ಅದರ ಕೆಳಗೆ ಅಲ್ಲಾಡದೆ ನಿಂತ ಅಡಿ ಬ್ಲೇಡು ಇನ್ನೊಂದು. ಎರಡೂ ಉದ್ದಕ್ಕೂ ಒಂದೇ ಸಮನಾಗಿ ಹತ್ತಿರ ಬರಬೇಕು.

ಹಾಗಾಗಿ ಮೊದಲ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಪ್ಲಗ್ ವೈರು ತೆಗೆದಿದೆ ಅಂತ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಿ. ರೀಲಿನ ದಂಡವನ್ನು ಎರಡೂ ಕೊನೆಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಬೇರಿಂಗ್ ಹೋಗಿದೆ ಅಥವಾ ಸಡಿಲಾಗಿದೆ. ಅದನ್ನು ಸರಿಮಾಡದೆ ಬ್ಲೇಡು ಹೊಂದಿಸಲು ಕೂತರೆ ದಿನವಿಡೀ ಸ್ಕ್ರೂ ತಿರುಗಿಸುತ್ತಲೇ ಇರುತ್ತೀರಿ. ಬೇರಿಂಗ್ ದೊಡ್ಡ ಖರ್ಚಲ್ಲ, ಬಹಳಷ್ಟು ಮಾಡೆಲ್‌ಗಳಿಗೆ ಇನ್ನೂ ಸಿಗುತ್ತದೆ.

ಆಮೇಲೆ ಬ್ಲೇಡಿನ ಅಂಚು ನೋಡಿ. ಅಲಗಿನ ತುದಿ ಚೌಕವಾಗಿ, ಮೂಲೆ ಚೂಪಾಗಿ ಇರಬೇಕು. ದುಂಡಗಾಗಿದ್ದರೆ ಮೊಂಡು, ಅದಕ್ಕೆ ಉಪಾಯ ಇದೆ. ಮೇಲ್ಮೈಯ ಕೆಂಪು ತುಕ್ಕು ನೋಡಿ ಹೆದರಬೇಡಿ, ಅದು ಉಜ್ಜಿದರೆ ಹೋಗುತ್ತದೆ. ಆದರೆ ಬ್ಲೇಡುಗಳನ್ನು ಹಿಡಿದಿರುವ ಒಳಗಿನ ಚಕ್ರಗಳ ಹತ್ತಿರ ಟಾರ್ಚು ಬಿಟ್ಟು ನಿಧಾನವಾಗಿ ನೋಡಿ. ಅಲ್ಲಿನ ಬೆಸುಗೆ ಬಿಟ್ಟಿದ್ದರೆ, ಬ್ಲೇಡು ಸೀಳಿದ್ದರೆ, ಅಥವಾ ತುಕ್ಕು ತಿಂದು ಕಬ್ಬಿಣ ಪದರ ಪದರವಾಗಿ ಏಳುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ವೇಗದಲ್ಲಿ ತಿರುಗುವಾಗ ಕಿತ್ತು ಬರುವ ಬ್ಲೇಡು ಎತ್ತ ಹೋಗುತ್ತದೆ ಅಂತ ಹೇಳಲಾಗದು. ಆ ರೀಲನ್ನು ಮೋವರ್ ಗ್ರೈಂಡಿಂಗ್ ಮಾಡುವ ಅಂಗಡಿಗೆ ತೋರಿಸಿ. ಬೇರೆ ರೀಲು ಬೇಕು ಅಂದರೆ, ಆ ಖರ್ಚು ಒಪ್ಪಿಗೆಯಾದ ಮೇಲೆಯೇ ಎಂಜಿನ್ ಮುಟ್ಟಿ.

ಹಗ್ಗ ಎಳೆದರೆ ಅಲ್ಲಾಡುವುದೇ ಇಲ್ಲ

"ಎಂಜಿನ್ ಸೀಝ್ ಆಗಿದೆ" (ಒಳಗೆ ಹಿಡಿದುಕೊಂಡು ತಿರುಗುವುದಿಲ್ಲ) ಅಂತ ಮಾರಾಟಕ್ಕೆ ಬರುವ ಎಷ್ಟೋ ಮೋವರ್‌ಗಳಲ್ಲಿ ಎಂಜಿನ್ನಿಗೆ ಏನೂ ಆಗಿರುವುದಿಲ್ಲ. ರೀಲು ತುಕ್ಕು ಹಿಡಿದು ಅಡಿ ಬ್ಲೇಡಿಗೆ ಕಚ್ಚಿಕೊಂಡಿರುತ್ತದೆ, ಕ್ಲಚ್ಚೂ ಬಿಡದೆ ಕೂತಿರುತ್ತದೆ. ಎಳೆಯುವವನು ಇಡೀ ಮಷೀನನ್ನೇ ಎಳೆಯುತ್ತಿರುತ್ತಾನೆ.

ಆದ್ದರಿಂದ ಮೊದಲು ಚೈನು ಬಿಚ್ಚಿ. ಚೈನಿನ ಜೋಡಣೆ ಕೊಂಡಿಯ ಕ್ಲಿಪ್ಪು ಇಕ್ಕಳದಲ್ಲಿ ತೆಗೆದರೆ ಸಾಕು. ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು, ವಾಪಸ್ ಹಾಕುವಾಗ ನೆನಪಿರಲಿ. ಈಗ ಪ್ಲಗ್ ಬಿಚ್ಚಿ, ಹಗ್ಗವನ್ನು ಮೆಲ್ಲಗೆ ಎಳೆಯಿರಿ. ಕಿಕ್ಕರ್ ಇರುವ ಹಳೇ ಅಟ್ಕೋ ಆದರೆ ಕೈಯಿಂದಲೇ ಒತ್ತಿ. ತಿರುಗಿತಾ? ಹಾಗಾದರೆ ದೋಷ ರೀಲಿನ ಕಡೆ. ಅಡಿ ಬ್ಲೇಡಿನ ಸ್ಕ್ರೂ ಎರಡೂ ಕಡೆ ಸಮನಾಗಿ ಸಡಿಲಿಸಿ, ರೀಲಿನಿಂದ ದೂರ ಮಾಡಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ.

ತಿರುಗದಿದ್ದರೆ ಪಿಸ್ಟನ್ ರಿಂಗು ಗೋಡೆಗೆ ಅಂಟಿದೆ. ಪ್ಲಗ್ ತೂತಿನಲ್ಲಿ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡಿ. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಆಯಿಲ್ ಅರ್ಧಕ್ಕರ್ಧ ಬೆರೆಸಿ ಹಾಕುವವರೂ ಇದ್ದಾರೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅಸಿಟೋನಿಗೆ ಬೆಂಕಿ ಬಲು ಬೇಗ ಹತ್ತುತ್ತದೆ, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಬೇಡ. ಒಂದೆರಡು ದಿನಕ್ಕೊಮ್ಮೆ ಎಣ್ಣೆ ಸೇರಿಸುತ್ತಾ, ಫ್ಲೈವೀಲನ್ನು (ಎಂಜಿನ್ನಿನ ದಂಡಕ್ಕೆ ಕೂರಿಸಿದ ಭಾರದ ಚಕ್ರ) ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲುಗಿಸಿ. ಕೂದಲೆಳೆಯಷ್ಟು ಅಲ್ಲಾಡಿದರೂ ಗೆದ್ದ ಹಾಗೆ, ಮುಂದಿನದು ಬರೀ ಸಮಯದ ಪ್ರಶ್ನೆ. ಪ್ಲಗ್ ತೂತಿನಲ್ಲಿ ಕಂಬಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವುದು, ಫ್ಲೈವೀಲಿನ ರೆಕ್ಕೆಗೆ ಸನ್ನೆಕೋಲು ಹಾಕುವುದು ಎರಡೂ ಬೇಡ. ಪಿಸ್ಟನ್ ತೂತಾಗುತ್ತದೆ, ರೆಕ್ಕೆ ಮುರಿಯುತ್ತದೆ. ವಾರಗಟ್ಟಲೆ ನೆನೆಸಿದರೂ ಜಗ್ಗದಿದ್ದರೆ ಹೆಡ್ ಬಿಚ್ಚಬೇಕು. ಅಭ್ಯಾಸವಿಲ್ಲದವರು ಇಲ್ಲಿ ಮೆಕ್ಯಾನಿಕ್ ಕೈಗೆ ಕೊಡುವುದೇ ವಾಸಿ.

ಸಲೀಸಾಗಿ ತಿರುಗುತ್ತದೆ, ಹಿಡಿತವೇ ಇಲ್ಲ

ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಹಗ್ಗ ಎಳೆಯಿರಿ. ಒಳಗಿನ ಗಾಳಿ ಬೆರಳನ್ನು ಪುಸಕ್ಕನೆ ತಳ್ಳಬೇಕು. ತಳ್ಳದಿದ್ದರೆ ಒಂದು ಚಮಚ ಎಂಜಿನ್ ಆಯಿಲ್ ತೂತಿಗೆ ಹಾಕಿ, ನಾಲ್ಕು ಸಲ ತಿರುಗಿಸಿ, ಮತ್ತೆ ನೋಡಿ. ಈಗ ತಳ್ಳಿದರೆ ರಿಂಗು ಒಣಗಿತ್ತು ಅಥವಾ ಅಂಟಿತ್ತು, ಓಡುತ್ತಾ ಓಡುತ್ತಾ ಸರಿಹೋಗುವ ಸಂಭವ ಇದೆ. ಆಗಲೂ ಏನೂ ಬದಲಾಗದಿದ್ದರೆ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ತೆರೆದ ಸ್ಥಿತಿಯಲ್ಲೇ ನಿಂತಿದೆ. ಸಫೋಕ್ ಪಂಚ್‌ನಲ್ಲಿ ವಾಲ್ವ್ ಪಕ್ಕದಲ್ಲಿರುತ್ತದೆ. ಅದರ ಮುಚ್ಚಳ ಬಿಚ್ಚಿ ಕಾಂಡಕ್ಕೆ ಎಣ್ಣೆ ಬಿಟ್ಟು ಮೆಲ್ಲಗೆ ಒತ್ತಿದರೆ ಎಷ್ಟೋ ಸಲ ಟಕ್ಕೆಂದು ಕೂತುಬಿಡುತ್ತದೆ.

ತಿರುಗುತ್ತದೆ, ಸ್ಟಾರ್ಟ್ ಆಗಲ್ಲ: ಕಿಡಿಯ ಕಡೆ

ಪ್ಲಗ್ ಹೊಸದು ಹಾಕಿ. ಹಳೇದನ್ನು ತೊಳೆದು ಪರೀಕ್ಷೆ ಮಾಡುತ್ತಾ ಕೂತರೆ ಅರ್ಧ ದಿನ ಹೋಗುತ್ತದೆ, ಹೊಸದರ ಬೆಲೆ ಊಟಕ್ಕಿಂತ ಕಡಿಮೆ. ಸಂದು 0.6 ಮಿಲಿಮೀಟರ್ ಸುಮಾರಿಗೆ ಇಡಿ. ಪ್ಲಗ್ಗಿಗೆ ವೈರು ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿನ ಬರಿ ಲೋಹಕ್ಕೆ ತಾಗಿರುವಂತೆ ಇಟ್ಟು ಹಗ್ಗ ಎಳೆಯಿರಿ. ಪ್ಲಗ್ ತೂತಿನ ಪಕ್ಕದಲ್ಲಿ ಬೇಡ, ಒಳಗಿನ ಆವಿಗೆ ಕಿಡಿ ತಗುಲಿ ಹತ್ತಿಕೊಳ್ಳಬಹುದು. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯುವುದೂ ಬೇಡ. ನೀಲಿ, ಚುರುಕಾದ ಕಿಡಿ ಬಂದರೆ ಈ ಭಾಗ ಮುಗಿಯಿತು, ಪೆಟ್ರೋಲ್ ಕಡೆ ಹೋಗಿ.

ಕಿಡಿ ಇಲ್ಲವೇ ಇಲ್ಲ ಅಂದರೆ ಮೊದಲು ಸ್ವಿಚ್ಚಿನ ವೈರು ನೋಡಿ. ಎಂಜಿನ್ ನಿಲ್ಲಿಸುವ ವೈರಿನ ಹೊದಿಕೆ ಸವೆದು ಎಲ್ಲಾದರೂ ಮೈಗೆ ತಾಗುತ್ತಿದ್ದರೆ ಎಂಜಿನ್ ಸದಾ "ಆಫ್" ಆಗಿಯೇ ಇರುತ್ತದೆ. ಅದನ್ನು ಬಿಡಿಸಿ ನೋಡುವುದು ಒಂದೇ ನಿಮಿಷದ ಕೆಲಸ.

ಇನ್ನುಳಿದದ್ದು ಪಾಯಿಂಟು. ಮೈಸೂರಿನ ಯೆಜ್ದಿ ಓಡಿಸಿದವರಿಗೆ, ಇಲ್ಲವೇ ಮನೆಯಲ್ಲಿ ಯಾರಾದರೂ ಓಡಿಸುತ್ತಿದ್ದುದನ್ನು ನೋಡಿದವರಿಗೆ ಪಾಯಿಂಟು, ಕಂಡೆನ್ಸರ್ ಅಂದರೆ ವಿವರಿಸಬೇಕಿಲ್ಲ. ಇಲ್ಲಿಯೂ ಅದೇ ಕಥೆ. ಪಾಯಿಂಟು ಅಂದರೆ ಎರಡು ಪುಟ್ಟ ಲೋಹದ ತುದಿಗಳು, ಅವು ಸೇರಿ ಬಿಡುವಾಗ ಪ್ಲಗ್ಗಿನಲ್ಲಿ ಕಿಡಿ ಹುಟ್ಟುತ್ತದೆ. ಆ ತುದಿಗಳು ಸುಡದ ಹಾಗೆ ಕಾಯುವ ಪುಟ್ಟ ಡಬ್ಬಿ ಕಂಡೆನ್ಸರ್. ನಿಂತಲ್ಲೇ ನಿಂತರೆ ಆ ತುದಿಗಳ ಮೇಲೆ ಬೂದು ಬಣ್ಣದ ಪೊರೆ ಕಟ್ಟುತ್ತದೆ, ಅಷ್ಟಕ್ಕೇ ಕರೆಂಟು ಹಾಯುವುದಿಲ್ಲ. ನಯವಾದ ಉಪ್ಪುಕಾಗದದ ಚೂರನ್ನು ಎರಡರ ನಡುವೆ ಇಟ್ಟು ಎಳೆದು, ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ಬಿಳಿ ಕಾಗದ ಎಳೆಯಿರಿ. ಕಾಗದ ಬಿಳಿಯಾಗಿಯೇ ಹೊರಬರುವ ತನಕ ಹೀಗೇ. ಸಂದು ಹೆಚ್ಚಿನ ಹಳೇ ಎಂಜಿನ್ನುಗಳಲ್ಲಿ 0.4ರಿಂದ 0.5 ಮಿಲಿಮೀಟರ್, ನಿಮ್ಮ ಮಾಡೆಲ್ಲಿನ ಕೈಪಿಡಿ ಸಿಕ್ಕರೆ ಅದರಲ್ಲಿ ಹೇಳಿದ್ದೇ ಸರಿ.

ಪಾಯಿಂಟು ಫ್ಲೈವೀಲಿನ ಹಿಂದೆ ಇರುತ್ತದೆ. ಕೆಲವು ಎಂಜಿನ್ನುಗಳಲ್ಲಿ ಕಿಟಕಿಯಂಥ ತೂತಿನಿಂದಲೇ ಕೈಗೆ ಸಿಗುತ್ತದೆ, ಸಫೋಕ್‌ನಂಥವುಗಳಲ್ಲಿ ಫ್ಲೈವೀಲ್ ತೆಗೆಯಬೇಕು. ಹಳೇ ವಿಲಿಯರ್ಸ್ ಎಂಜಿನ್ನಿನಲ್ಲಿ ಒಂದು ಜಾಣತನ ಇದೆ. ಅದರ ನಡುವಿನ ನಟ್ಟೇ ಪುಲ್ಲರ್ (ಚಕ್ರ ಎಳೆದು ತೆಗೆಯುವ ಉಪಕರಣ) ಕೂಡ. ಮೊದಲು ಸಡಿಲಾಗುತ್ತದೆ, ಆಮೇಲೆ ಮತ್ತೆ ಬಿಗಿಯಾಗುತ್ತದೆ. ಇಲ್ಲಿ ಹಲವರು ಹೆದರಿ ಬಿಟ್ಟುಬಿಡುತ್ತಾರೆ. ಇನ್ನೂ ತಿರುಗಿಸಿ, ನಟ್ಟೇ ಫ್ಲೈವೀಲನ್ನು ಹೊರಗೆ ಎಳೆದು ತರುತ್ತದೆ. ಬೇರೆ ಎಂಜಿನ್ನಿಗೆ ಸರಿಯಾದ ಪುಲ್ಲರ್ ಬೇಕು. ಸ್ಕ್ರೂಡ್ರೈವರ್ ತೂರಿಸಿ ಎಬ್ಬುವುದು ಬೇಡ.

ಕಿಡಿ ಇದೆ, ಆದರೆ ಕಿತ್ತಳೆ ಬಣ್ಣ, ಸಪ್ಪೆ. ಪಾಯಿಂಟಿನ ತುದಿಯಲ್ಲಿ ಹೊರಗೇ ಚಿಟಿ ಚಿಟಿ ಕಿಡಿ. ಇದು ಕಂಡೆನ್ಸರ್ ಹೋದ ಲಕ್ಷಣ, ಬದಲಿಸಿ. ಅಂಗಡಿಯ ಮೂಲೆಯಲ್ಲಿ ನಲವತ್ತು ವರ್ಷ ಕೂತ "ಹೊಸ" ಹಳೇ ಕಂಡೆನ್ಸರ್ ಬೇಡ. ಅದೂ ಕೂತಲ್ಲೇ ಕೆಡುವ ವಸ್ತು.

ತಿರುಗುತ್ತದೆ, ಸ್ಟಾರ್ಟ್ ಆಗಲ್ಲ: ಪೆಟ್ರೋಲ್ ಕಡೆ

ಕಿಡಿ ಚೆನ್ನಾಗಿದ್ದೂ ಎಂಜಿನ್ ಕೆಮ್ಮುವುದೂ ಇಲ್ಲವೆಂದರೆ, ನಾಲ್ಕೈದು ಸಲ ಎಳೆದು ಪ್ಲಗ್ ಬಿಚ್ಚಿ ನೋಡಿ. ಒಣಗಿದೆಯಾ? ಪೆಟ್ರೋಲ್ ಬರುತ್ತಿಲ್ಲ. ತೊಯ್ದು ತೊಟ್ಟಿಕ್ಕುತ್ತಿದೆಯಾ? ಅತಿಯಾಗಿ ಬರುತ್ತಿದೆ. ಎರಡಕ್ಕೂ ಬೇರು ಸಾಮಾನ್ಯವಾಗಿ ಒಂದೇ: ಕಾರ್ಬುರೇಟರ್ ಒಳಗೆ ಒಣಗಿದ ಪೆಟ್ರೋಲ್. ಹಗುರ ಭಾಗ ಹಾರಿಹೋಗಿ ಉಳಿದದ್ದು ಬೆಲ್ಲದ ಪಾಕದ ಹಾಗೆ ಕಂದಾಗಿ ತಳಕ್ಕೆ ಗಟ್ಟಿಯಾಗಿರುತ್ತದೆ. ಒಣಗಿದ ಪ್ಲಗ್ ಅಂದರೆ ಆ ಅಂಟು ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಮುಚ್ಚಿದೆ. ತೊಯ್ದ ಪ್ಲಗ್ ಅಂದರೆ ಪೆಟ್ರೋಲಿನ ಮಟ್ಟ ಕಾಯುವ ತೇಲುಗುಂಡು, ಅಂದರೆ ಫ್ಲೋಟಿನ ಸೂಜಿ ತೆರೆದೇ ನಿಂತಿದೆ.

ಕಾರ್ಬುರೇಟರ್ ಬಿಚ್ಚುವ ಮುಂಚೆ ಅದರ ಹಿಂದಿನದು ನೋಡಿ. ಪೈಪು ಗಟ್ಟಿಯಾಗಿ ಸೀಳಿದ್ದರೆ ಎಥನಾಲ್ ತಾಳುವ ಹೊಸ ಪೈಪು ಹಾಕಿ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲೇ ಇ10, ಅಂದರೆ ಶೇಕಡಾ 10ರವರೆಗೆ ಎಥನಾಲ್ ಬೆರೆತದ್ದು. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ, ಬಂಕಿನಲ್ಲಿ ಸಿಗುವ ಇ5 ಸೂಪರ್ ಹಾಕುವುದು ಒಳ್ಳೆಯದು. ಭಾರತದಲ್ಲಿ, ಊರಿನ ಕಡೆ ಇಂಥ ಮಷೀನು ಇಟ್ಟುಕೊಂಡವರಿಗೆ ಈಗ ಬಂಕಿನಲ್ಲಿ ಸಿಗುವುದು ಇ20, ಅವರು ಕೆಲಸ ಮುಗಿದ ಮೇಲೆ ಟ್ಯಾಂಕು ಖಾಲಿ ಮಾಡುವುದನ್ನು ಮರೆಯಲೇಬಾರದು. ಹಳೇ ಟ್ಯಾಪಿನೊಳಗೆ ಕಾರ್ಕ್ ಇರುತ್ತದೆ. ಒಣಗಿ ಕುಗ್ಗಿದ್ದರೆ ಸೋರುತ್ತದೆ. ಬಿಸಿನೀರಿನಲ್ಲಿ ನೆನೆಸಿದರೆ ಊದಿಕೊಂಡು ಕೆಲಕಾಲ ನಡೆಯುತ್ತದೆ.

ಕಾರ್ಬುರೇಟರ್ ಬಿಚ್ಚುವಾಗ ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೋ ತೆಗೆಯಿರಿ. ಗಾಳಿ ಸ್ಕ್ರೂ ತೆಗೆಯುವ ಮುಂಚೆ ಅದನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಎಷ್ಟು ಸುತ್ತು ಹೋಯಿತು ಅಂತ ಬರೆದಿಟ್ಟುಕೊಳ್ಳಿ, ವಾಪಸ್ ಅಷ್ಟೇ ಸುತ್ತು ಹೊರಗೆ ಇಡಬೇಕು. ಜೆಟ್ಟನ್ನು ಕ್ಲೀನರಿನಲ್ಲಿ ನೆನೆಸಿ, ಬೆಳಕಿಗೆ ಹಿಡಿದು ನೋಡಿ. ದುಂಡಗಿನ ಬೆಳಕಿನ ಚುಕ್ಕಿ ಕಾಣಬೇಕು. ಚುಚ್ಚಬೇಕಾದರೆ ಮೀನು ಹಿಡಿಯುವ ನೈಲಾನ್ ದಾರ ಸಾಕು. ಸೂಜಿ, ತಂತಿ ತೂರಿಸಿದರೆ ಹಿತ್ತಾಳೆ ತೂತು ಅಗಲವಾಗುತ್ತದೆ, ಆಮೇಲೆ ಎಂಜಿನ್ ಯಾವತ್ತೂ ಸರಿಯಾಗಿ ಓಡುವುದಿಲ್ಲ. ಹಿತ್ತಾಳೆಯ ಫ್ಲೋಟು ಇದ್ದರೆ ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಕುಲುಕುವ ಸದ್ದು ಬಂದರೆ ತೂತಾಗಿ ಪೆಟ್ರೋಲ್ ಒಳಹೋಗಿದೆ, ಬದಲಿಸಿ. ಅದರ ಮೇಲೆ ಬೆಸುಗೆ ಕೈಚಳಕ ತೋರಿಸಬೇಡಿ, ಒಳಗಿರುವುದು ಪೆಟ್ರೋಲ್ ಆವಿ.

ಟ್ಯಾಂಕಿನೊಳಗೆ ತುಕ್ಕು ಇದ್ದರೆ ನಿಂಬೆ ಉಪ್ಪು ಕರಗಿಸಿದ ಬಿಸಿನೀರು ತುಂಬಿ ಒಂದು ರಾತ್ರಿ ಬಿಡಿ, ಚೆನ್ನಾಗಿ ತೊಳೆದು, ಅಡಿಗೆ ಸೋಡಾ ನೀರಿನಲ್ಲಿ ಇನ್ನೊಮ್ಮೆ ತೊಳೆದು, ಕೂಡಲೇ ಒಣಗಿಸಿ. ಖಾಲಿ ಟ್ಯಾಂಕಿಗೂ ಬೆಂಕಿ, ವೆಲ್ಡಿಂಗ್ ತೋರಿಸುವ ಹಾಗಿಲ್ಲ.

ಹೊಸ ಪೆಟ್ರೋಲ್ ಹಾಕುವ ಮುಂಚೆ ಒಂದು ಪ್ರಶ್ನೆ. ಇದು ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ? ಎಂಜಿನ್ನಿನ ಬುಡದಲ್ಲಿ ಆಯಿಲ್ ತುಂಬುವ ತೂತು ಇದ್ದರೆ ಫೋರ್ ಸ್ಟ್ರೋಕ್. ಸಫೋಕ್ ಪಂಚ್ ಹೀಗೆ. ಹಳೇ ಆಯಿಲ್ ಇಳಿಸಿ ಎಸ್‌ಎಇ 30 ದರ್ಜೆಯ ಎಂಜಿನ್ ಆಯಿಲ್ ಹಾಕಿ. ಇಳಿಸಿದ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಪೆಟ್ರೋಲ್ ವಾಸನೆ ಬಂದರೆ ಫ್ಲೋಟಿನ ಸೂಜಿ ಸೋರಿದೆ. ತೂತು ಇಲ್ಲದಿದ್ದರೆ ಟೂ ಸ್ಟ್ರೋಕ್, ವಿಲಿಯರ್ಸ್ ಎಂಜಿನ್ನಿನ ಹಳೇ ಅಟ್ಕೋಗಳಲ್ಲಿ ಬಹಳಷ್ಟು ಹೀಗೇ. ಆಗ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಆ ಕಾಲದ ಲೆಕ್ಕ 16ಕ್ಕೆ 1. ಇವತ್ತಿನ ಒಳ್ಳೆಯ ಟೂ ಸ್ಟ್ರೋಕ್ ಆಯಿಲಿನಲ್ಲಿ 25ಕ್ಕೆ 1 ಇಟ್ಟು ಓಡಿಸುವವರೇ ಜಾಸ್ತಿ, ಅಂದರೆ ಲೀಟರಿಗೆ 40 ಮಿಲಿ. ಆಯಿಲ್ ಇಲ್ಲದ ಪೆಟ್ರೋಲ್ ಹಾಕಿದರೆ ಇಷ್ಟು ಕಷ್ಟಪಟ್ಟು ಬಿಡಿಸಿದ ಪಿಸ್ಟನ್ ನಿಮಿಷಗಳಲ್ಲಿ ಮತ್ತೆ ಹಿಡಿದುಕೊಳ್ಳುತ್ತದೆ.

ಸ್ಟಾರ್ಟ್ ಆದ ಕೂಡಲೇ ಮುಂದಕ್ಕೆ ಓಡುತ್ತದೆ

ಈ ಲಕ್ಷಣ ಕಣ್ಣಿಗೆ ಬೀಳುವ ತನಕ ಕಾಯಬಾರದು. ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆಯೇ ಕ್ಲಚ್ ಬಿಡುತ್ತದಾ ಅಂತ ನೋಡಲೇಬೇಕು. ವರ್ಷಗಟ್ಟಲೆ ನಿಂತ ಕ್ಲಚ್ ಪ್ಲೇಟು ತುಕ್ಕಿನಿಂದ ಅಂಟಿರುತ್ತದೆ. ಲಿವರ್ ಬಿಟ್ಟರೂ ಎಂಜಿನ್ನಿಗೂ ರೋಲರಿಗೂ ನಂಟು ಬಿಡುವುದಿಲ್ಲ. ಎಂಜಿನ್ ಹತ್ತಿದ ಕ್ಷಣ ಅಷ್ಟು ಭಾರದ ಮಷೀನು ತಿರುಗುವ ಬ್ಲೇಡಿನ ಜೊತೆ ಹೊರಟೇ ಬಿಡುತ್ತದೆ, ಎದುರಿಗೆ ನಿಮ್ಮ ಕಾಲೇ ಇರಬಹುದು.

ಪರೀಕ್ಷೆ ಸುಲಭ. ಚೈನು ವಾಪಸ್ ಹಾಕಿ, ಪ್ಲಗ್ ವೈರು ಇನ್ನೂ ಕಿತ್ತೇ ಇರಲಿ. ಕ್ಲಚ್ ಬಿಟ್ಟ ಸ್ಥಿತಿಯಲ್ಲಿ ಮಷೀನನ್ನು ತಳ್ಳಿ. ಎಂಜಿನ್ ತಿರುಗದೆ ರೋಲರ್ ಮಾತ್ರ ಉರುಳಬೇಕು. ಎಂಜಿನ್ನೂ ತಿರುಗಿದರೆ ಮೊದಲು ಕೇಬಲ್ ನೋಡಿ, ಹೆಚ್ಚಿನ ಸಲ ತಪ್ಪಿತಸ್ಥ ಅದೇ. ಹೊದಿಕೆಯೊಳಗೆ ತುಕ್ಕು ಹಿಡಿದು ಎಳೆದದ್ದು ವಾಪಸ್ ಬರುವುದಿಲ್ಲ. ತುದಿಯಿಂದ ಎಣ್ಣೆ ಹನಿ ಹನಿಯಾಗಿ ಬಿಟ್ಟು ಜಗ್ಗಾಡಿಸಿ, ಎಳೆ ಬಿಟ್ಟಿದ್ದರೆ ಬದಲಿಸಿ. ಕೇಬಲ್ ಸರಿ ಇದ್ದೂ ಬಿಡದಿದ್ದರೆ ಕ್ಲಚ್ ಬಿಚ್ಚಿ ಪ್ಲೇಟು ಬೇರ್ಪಡಿಸಬೇಕು. ಇಲ್ಲಿ ಎಣ್ಣೆ ಹಾಕಬೇಡಿ. ಪ್ಲೇಟಿಗೆ ಎಣ್ಣೆ ಹತ್ತಿದರೆ ಆಮೇಲೆ ಜಾರುತ್ತದೆ, ಹುಲ್ಲು ಸಿಕ್ಕಲ್ಲಿ ರೀಲು ನಿಲ್ಲುತ್ತದೆ.

ಎಂಜಿನ್ ನಿಲ್ಲಿಸುವ ಸ್ವಿಚ್ಚೂ ಇದೇ ಹೊತ್ತಿಗೆ ಪರೀಕ್ಷೆ ಆಗಲಿ. ಮುಂಚೆ ಪ್ಲಗ್ ಹೊರಗಿಟ್ಟು ಕಿಡಿ ನೋಡಿದ ಹಾಗೇ ನೋಡಿ, ಸ್ವಿಚ್ ಒತ್ತಿದಾಗ ಕಿಡಿ ನಿಲ್ಲಬೇಕು. ಮೊದಲ ಸ್ಟಾರ್ಟು ಶೆಡ್ಡಿನ ಹೊರಗೆ, ಬಯಲಿನಲ್ಲಿ. ಪೆಟ್ರೋಲ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಶೆಡ್ಡಿನ ಬಾಗಿಲು ತೆರೆದಿದ್ದರೆ ಸಾಲದು.

ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ

ಐದು ಹತ್ತು ನಿಮಿಷ ಚೆನ್ನಾಗಿ ಓಡಿ, ಹಸಿದವರ ಹಾಗೆ ಸೊರಗಿ ನಿಂತರೆ ತಕ್ಷಣ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಸುಯ್ಯೆಂದು ಗಾಳಿ ಒಳಗೆ ನುಗ್ಗಿ, ಎಂಜಿನ್ ಮತ್ತೆ ಹತ್ತಿದರೆ ಮುಚ್ಚಳದ ಪುಟ್ಟ ತೂತು ಮುಚ್ಚಿದೆ. ಪಿನ್ನಿನಲ್ಲಿ ಬಿಡಿಸಿ. ಇಷ್ಟಕ್ಕೇ ಕಾರ್ಬುರೇಟರ್ ಬದಲಿಸಿದವರಿದ್ದಾರೆ!

ಹಾಗಾಗದಿದ್ದರೆ, ನಿಂತ ಆ ಹೊತ್ತಿನಲ್ಲೇ ಕಿಡಿ ನೋಡಿ. ಬಿಸಿ ಇದ್ದಾಗ ಕಿಡಿ ಇಲ್ಲ, ಅರ್ಧ ಗಂಟೆ ತಣ್ಣಗಾದ ಮೇಲೆ ಬರುತ್ತದೆ ಅಂದರೆ ಕಾಯಿಲ್ ಅಥವಾ ಕಂಡೆನ್ಸರ್. ಕಂಡೆನ್ಸರ್ ಅಗ್ಗ, ಅದನ್ನು ಮೊದಲು ಬದಲಿಸಿ. ಕಾಯಿಲನ್ನು ಹೊಸದಾಗಿ ಸುತ್ತಿಕೊಡುವವರು ಬ್ರಿಟನ್ನಿನಲ್ಲಿ ಇನ್ನೂ ಇದ್ದಾರೆ.

ಹೊಗೆ, ಸದ್ದು

ಮೊದಲ ಕೆಲವು ನಿಮಿಷ ದಟ್ಟ ಬಿಳಿ ಹೊಗೆ ಬಂದರೆ ಬರಲಿ ಬಿಡಿ, ನೀವು ಪ್ಲಗ್ ತೂತಿಗೆ ಹಾಕಿದ ಎಣ್ಣೆಯೇ ಅದು. ಕಪ್ಪು ಹೊಗೆ ಅಂದರೆ ಚೋಕ್ ಅಂಟಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಫೋರ್ ಸ್ಟ್ರೋಕಿನಲ್ಲಿ ನೀಲಿ ಹೊಗೆ ನಿಲ್ಲದೇ ಬಂದರೆ ಆಯಿಲ್ ಜಾಸ್ತಿ ತುಂಬಿದೆಯಾ ನೋಡಿ, ಅಲ್ಲವಾದರೆ ರಿಂಗು ಸವೆದಿದೆ. ಟೂ ಸ್ಟ್ರೋಕಿನಲ್ಲಿ ಅಷ್ಟಿಷ್ಟು ನೀಲಿ ಹೊಗೆ ಇದ್ದೇ ಇರುತ್ತದೆ.

ಎಂಜಿನ್ನಿನ ಒಳಗಿನಿಂದ ಠಕ್ ಠಕ್ ಅಂತ, ವೇಗ ಹೆಚ್ಚಿಸಿದಂತೆ ಜೋರಾಗುವ ಬಡಿತ ಕೇಳಿದರೆ ಕೂಡಲೇ ಆಫ್ ಮಾಡಿ. ಕನೆಕ್ಟಿಂಗ್ ರಾಡಿನ ಬೇರಿಂಗ್ ಇರಬಹುದು. ಓಡಿಸುತ್ತಾ ಹೋದರೆ ರಾಡು ಮುರಿದು ಎಂಜಿನ್ನಿನ ಗೋಡೆಯನ್ನೇ ಸೀಳುತ್ತದೆ. ಇದು ಮನೆಯಲ್ಲಿ ಮಾಡುವ ರಿಪೇರಿ ಅಲ್ಲ.

ಓಡುತ್ತದೆ, ಹುಲ್ಲು ಕತ್ತರಿಸಲ್ಲ

ಮತ್ತೆ ರೀಲಿಗೆ ಬಂದೆವು. ಎಂಜಿನ್ ಆಫ್, ಪ್ಲಗ್ ವೈರು ಹೊರಗೆ, ಗ್ಲೌಸು ಕೈಯಲ್ಲಿ. ನ್ಯೂಸ್‌ಪೇಪರಿನ ಅಗಲವಾದ ಪಟ್ಟಿಯನ್ನು ಬ್ಲೇಡುಗಳ ನಡುವೆ ಇಟ್ಟು, ರೀಲನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಎಡ ತುದಿ, ನಡು, ಬಲ ತುದಿ, ಮೂರೂ ಕಡೆ ನೋಡಿ, ಪ್ರತಿ ಬ್ಲೇಡಿಗೂ ನೋಡಿ. ಕಾಗದ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೇರವಾಗಿ ಬೀಳಬೇಕು.

ಒಂದು ಪಕ್ಕ ಕತ್ತರಿಸಿ ಇನ್ನೊಂದು ಪಕ್ಕ ಮಡಚಿಕೊಂಡರೆ ಹೊಂದಾಣಿಕೆ ತಪ್ಪಿದೆ ಅಷ್ಟೇ. ಮಡಚುವ ಕಡೆಯ ಸ್ಕ್ರೂ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ ಮತ್ತೆ ನೋಡಿ. ಇದು ತಾಳ್ಮೆಯ ಕೆಲಸ, ಒಂದು ಕಡೆ ತಿರುಗಿಸಿದರೆ ಇನ್ನೊಂದು ಕಡೆಯೂ ಚೂರು ಬದಲಾಗುತ್ತದೆ. ಎಲ್ಲೂ ಕತ್ತರಿಸಲ್ಲ ಅಂತ ಎರಡೂ ಕಡೆ ಬಿಗಿದುಬಿಡುವುದು ಎಲ್ಲರಿಗೂ ಬರುವ ಆಸೆ. ಬಿಗಿದರೆ ಕರಕರ ಸದ್ದು, ಬ್ಲೇಡು ಕಾಯುತ್ತದೆ, ವರ್ಷಗಳ ಸವೆತ ಒಂದೇ ದಿನದಲ್ಲಿ ಆಗುತ್ತದೆ. ಚೈನು ಬಿಡಿಸಿ ರೀಲನ್ನು ಬೆರಳಿನಿಂದ ತಳ್ಳಿದಾಗ ಸುಯ್ಯೆನ್ನುವ ಸಣ್ಣ ಸದ್ದಿನೊಂದಿಗೆ ತಿರುಗುತ್ತಲೇ ಇರಬೇಕು, ಅಷ್ಟು ಹಗುರ.

ಹೊಂದಾಣಿಕೆ ಸರಿ ಇದ್ದೂ ಕಾಗದ ಹರಿಯುತ್ತಿದ್ದರೆ ಅಲಗು ಮೊಂಡಾಗಿದೆ. ಚೈನು ಬಿಚ್ಚಿ, ಮೋವರ್ ಬ್ಲೇಡಿಗೆಂದೇ ಮಾರುವ ಗ್ರೈಂಡಿಂಗ್ ಪೇಸ್ಟನ್ನು ಉದ್ದ ಹಿಡಿಯ ಬ್ರಷ್ಷಿನಲ್ಲಿ ಬ್ಲೇಡಿನ ತುದಿಗಳಿಗೆ ಹಚ್ಚಿ. ರೀಲಿನ ದಂಡದ ತುದಿಗೆ ಸಾಕೆಟ್ ಹಾಕಿ, ಕತ್ತರಿಸುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸುತ್ತಾ ಹೋಗಿ. ಅಂಚಿನಲ್ಲಿ ಬೂದು ಗೆರೆ ಮೂಡುತ್ತದೆ. ಆ ಗೆರೆ ಎಲ್ಲ ಬ್ಲೇಡುಗಳ ಮೇಲೂ ತುದಿಯಿಂದ ತುದಿಗೆ ಒಂದೇ ಅಗಲಕ್ಕೆ ಬಂದರೆ ಸಾಕು. ಆಮೇಲೆ ಪೇಸ್ಟಿನ ಒಂದು ಕಣವೂ ಉಳಿಯದ ಹಾಗೆ ತೊಳೆಯಿರಿ, ಬೇರಿಂಗಿಗೆ ಹೋದರೆ ಅದನ್ನೂ ಅರೆಯುತ್ತದೆ.

ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಇಲ್ಲವೇ ಇಲ್ಲ ಅಂದರೆ ರೀಲು ಒಂದು ತುದಿಯಲ್ಲಿ ಹೆಚ್ಚು ಸವೆದು ಕೋನದ ಆಕಾರಕ್ಕೆ ಬಂದಿದೆ. ಇದಕ್ಕೆ ಪೇಸ್ಟು ಸಾಲದು, ಯಂತ್ರದಲ್ಲಿ ಅರೆಸಬೇಕು. ಆಗ ಅಡಿ ಬ್ಲೇಡೂ ಹೊಸದು ಹಾಕಿಸಿ, ಎರಡೂ ಜೋಡಿಯಾಗಿಯೇ ಕೆಲಸ ಮಾಡುವುದು. ಆಂಗಲ್ ಗ್ರೈಂಡರ್ ಹಿಡಿದು ನೀವೇ ಶುರು ಮಾಡಬೇಡಿ. ಕೈಯಲ್ಲಿ ಆ ನೇರ ಬರುವುದಿಲ್ಲ.

ಕಾಗದ ಚೆನ್ನಾಗಿ ಕತ್ತರಿಸುತ್ತದೆ, ಆದರೂ ಹುಲ್ಲು ಮಲಗುತ್ತದೆ ಅಂದರೆ ಮಷೀನಿನ ತಪ್ಪಲ್ಲ. ಮೊಣಕಾಲೆತ್ತರ ಬೆಳೆದ ಹುಲ್ಲನ್ನು ರೀಲು ಒಳಗೆ ಎಳೆದುಕೊಳ್ಳುವುದಿಲ್ಲ, ಬಾಗಿಸಿ ಮೇಲೆ ಹಾದುಹೋಗುತ್ತದೆ. ಮೊದಲು ಸ್ಟ್ರಿಮ್ಮರ್ ಹೊಡೆದು, ಕಲ್ಲು, ಮೊಳೆ, ಮಕ್ಕಳ ಆಟಿಕೆ ಆರಿಸಿ, ಆಮೇಲೆ ಎತ್ತರದ ಸೆಟ್ಟಿಂಗಿನಲ್ಲಿ ಶುರುಮಾಡಿ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಸಬೇಡಿ. ಒದ್ದೆ ಹುಲ್ಲಿಗೆ ಇಳಿಸಲೂ ಬೇಡಿ.

ಕತ್ತರಿಸಿದ ಲಾನಿನಲ್ಲಿ ಅಡ್ಡಡ್ಡ ಅಲೆ ಅಲೆಯಾಗಿ ಏರಿಳಿತ ಕಂಡರೆ ಎರಡು ಕಾರಣ ಇರಬಹುದು. ರೀಲಿನ ಬೇರಿಂಗ್ ಮತ್ತೆ ಸಡಿಲಾಗಿದೆ, ಅಥವಾ ಪ್ರತಿ ವಾರ ಅದೇ ದಿಕ್ಕಿನಲ್ಲಿ ಓಡಿಸುತ್ತಿದ್ದೀರಿ. ಎರಡನೆಯದಾದರೆ ಮುಂದಿನ ವಾರ ಕರ್ಣಕ್ಕೆ ಓಡಿಸಿ, ಅದರ ಮುಂದಿನ ವಾರ ಅಡ್ಡಕ್ಕೆ. ಮೂರ್ನಾಲ್ಕು ಸಲ ಹೀಗೆ ಮಾಡಿದರೂ ಅಲೆ ಹೋಗದಿದ್ದರೆ ಬೇರಿಂಗ್ ಬಿಚ್ಚಿ ನೋಡಿ.